ಮೈಸೂರಿನ ಯೆಜ್ಡಿ: ಮನೆಯಲ್ಲಿಯೇ ಆರೈಕೆ ಮತ್ತು ದೋಷಶೋಧನೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಮೂರೂವರೆ ದಶಕಗಳ ಕಾಲ ತಯಾರಿಸಿದ ಮೋಟಾರು ಸೈಕಲ್ಲುಗಳು ಕರ್ನಾಟಕದ ಊರುಗಳಲ್ಲಿ ಇಂದಿಗೂ ಅಲ್ಲಲ್ಲಿ ಓಡುತ್ತಿವೆ. ಪ್ರಾಗ್ ನಗರದಲ್ಲಿ 1929ರಲ್ಲಿ ಹುಟ್ಟಿದ ಜಾವಾ ಸಂಸ್ಥೆಯ ವಿನ್ಯಾಸವನ್ನು ಆಧರಿಸಿದ ಈ ವಾಹನಗಳು ಮೊದಲು ಜಾವಾ ಎಂಬ ಹೆಸರಿನಿಂದಲೂ, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರಿನಿಂದಲೂ ಮಾರಾಟವಾದುವು. 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿಯು ಅಂದಿನ ತರುಣರ ವೇಗದ ಆಸೆಯನ್ನು ಪೂರೈಸಿದ ವಾಹನ. ಅದರ ಸಿಲಿಂಡರಿನ ಗಾತ್ರ 248.5 ಸಿ.ಸಿ.; ಶಕ್ತಿ ಸುಮಾರು 16 ಅಶ್ವಬಲ. ಇಂದಿನ ಕ್ರೀಡಾ ಮೋಟಾರು ಸೈಕಲ್ಲುಗಳ ಎದುರು ಈ ಸಂಖ್ಯೆ ಅಲ್ಪವೆಂದು ತೋರಬಹುದು. ಆದರೆ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳನ್ನು ಹೊತ್ತು, ಊರಾಚೆಯಿಂದಲೇ ತನ್ನ ಬರವನ್ನು ಸಾರುತ್ತಿದ್ದ ಆ ವಾಹನದ ಮೇಲಿನ ಮಮತೆ ಸಂಖ್ಯೆಗಳಿಂದ ಅಳೆಯತಕ್ಕದ್ದಲ್ಲ.

ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಅಂದಿನಿಂದ ಕಂಪನಿಯ ಅಧಿಕೃತ ವರ್ಕ್‌ಶಾಪು ಎಂಬುದಿಲ್ಲ; ಈ ಯಂತ್ರವನ್ನು ಬಲ್ಲ ಹಳೆಯ ಮೆಕ್ಯಾನಿಕ್ಕುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ; ಬಿಡಿಭಾಗಗಳು ದೊರೆತರೂ ಅವುಗಳ ಗುಣಮಟ್ಟ ಒಂದೇ ತೆರನಾಗಿರುವುದಿಲ್ಲ. ಆದುದರಿಂದ ತಂದೆಯ ಕಾಲದ ಯೆಜ್ಡಿಯನ್ನು ಉಳಿಸಿಕೊಂಡವನಿಗೆ ಮನೆಯ ಆರೈಕೆಯು ಹವ್ಯಾಸವಲ್ಲ, ಅನಿವಾರ್ಯತೆ. ಇಂತಹ ವಾಹನಗಳು ಹಾಳಾಗುವುದು ಬಹುಮಟ್ಟಿಗೆ ಓಟದಿಂದಲ್ಲ, ಕಾರಣವನ್ನು ಹುಡುಕದೆ ಬಿಚ್ಚುವುದರಿಂದ. ಐದು ನಿಮಿಷದಲ್ಲಿ ಪತ್ತೆಯಾಗಬಹುದಾದ ಗಾಳಿಯ ಸೋರಿಕೆಗೆ ಸಿಲಿಂಡರನ್ನೇ ಕಳಚಿ ಬೋರ್ ಮಾಡಿಸಿದರೆ ಹಣವೂ ಹೋಯಿತು, ಮತ್ತೆ ದೊರೆಯದ ಮೂಲ ಭಾಗವೂ ಸವೆಯಿತು. ದೋಷ ಮಾತ್ರ ಹಾಗೆಯೇ ಉಳಿಯಿತು.

ಕಾರಣವನ್ನು ಹುಡುಕಬೇಕಾದರೆ ಯಂತ್ರದ ತತ್ತ್ವವನ್ನು ಮೊದಲು ತಿಳಿಯಬೇಕು. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್ನು. ಇದರಲ್ಲಿ ಕವಾಟಗಳಿಲ್ಲ. ಪಿಸ್ಟನ್ನು ಮೇಲೇರಿದಾಗ ಕೆಳಗಿನ ಕ್ರ್ಯಾಂಕ್‌ಕೇಸಿನೊಳಗೆ ನಿರ್ವಾತ ಉಂಟಾಗಿ, ಕಾರ್ಬರೇಟರಿನಿಂದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಒಳಕ್ಕೆ ಸೆಳೆಯಲ್ಪಡುತ್ತದೆ. ಪಿಸ್ಟನ್ನು ಕೆಳಗಿಳಿದಾಗ ಅದೇ ಮಿಶ್ರಣವು ಒತ್ತಲ್ಪಟ್ಟು, ಸಿಲಿಂಡರಿನ ಪಕ್ಕದ ದಾರಿಗಳಿಂದ ಮೇಲಕ್ಕೆ ಹೋಗಿ, ಉರಿದ ಹೊಗೆಯನ್ನು ಹೊರಕ್ಕೆ ತಳ್ಳುತ್ತದೆ. ಅಂದರೆ ಕ್ರ್ಯಾಂಕ್‌ಕೇಸು ಇಲ್ಲಿ ಕೇವಲ ಪೆಟ್ಟಿಗೆಯಲ್ಲ. ಅದು ಒಂದು ಪಂಪು. ಪಂಪು ಕೆಲಸ ಮಾಡಬೇಕಾದರೆ ಗಾಳಿ ಸೋರಬಾರದು. ಅಲ್ಲದೆ ಅಲ್ಲಿ ಎಣ್ಣೆಯನ್ನು ತುಂಬಿಡುವಂತಿಲ್ಲವಾದ್ದರಿಂದ, ಪಿಸ್ಟನ್ನಿಗೂ ಬೇರಿಂಗುಗಳಿಗೂ ಬೇಕಾದ ಜಿಡ್ಡು ಪೆಟ್ರೋಲಿನೊಂದಿಗೇ ಬರಬೇಕು. ಈ ಯಂತ್ರದ ಗಂಭೀರ ಕಾಯಿಲೆಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು ತಪ್ಪಿದುದರಿಂದಲೇ ಹುಟ್ಟುತ್ತವೆ.

ಎಣ್ಣೆಯ ಪ್ರಮಾಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹಿಂದಿನಿಂದಲೂ ಬಂದಿದೆ. ಒಂದು ಲೀಟರು ಪೆಟ್ರೋಲಿಗೆ 40 ಮಿಲಿಲೀಟರು ಟೂ-ಟಿ ಎಣ್ಣೆ ಬೆರೆಸಿದರೆ ಅದು ಇಪ್ಪತ್ತೈದಕ್ಕೆ ಒಂದರ ಪ್ರಮಾಣವಾಗುತ್ತದೆ. ‘ಇನ್ನಷ್ಟು ಹಾಕಿದರೆ ಇನ್ನಷ್ಟು ಕ್ಷೇಮ’ ಎಂದು ಕೆಲವರು ಇದನ್ನು ಇಮ್ಮಡಿಗೊಳಿಸುವುದುಂಟು. ಹೊಗೆ ಮತ್ತು ಮಸಿ ಹೆಚ್ಚುವುದು ಎಲ್ಲರಿಗೂ ಕಾಣುವ ಪರಿಣಾಮ. ಕಾಣದ ಪರಿಣಾಮ ಇನ್ನೊಂದಿದೆ: ಕಾರ್ಬರೇಟರಿನ ಜೆಟ್ಟಿನಿಂದ ಹರಿಯುವ ದ್ರವದಲ್ಲಿ ಎಣ್ಣೆಯ ಪಾಲು ಏರಿದಷ್ಟೂ ಪೆಟ್ರೋಲಿನ ಪಾಲು ಇಳಿಯುತ್ತದೆ. ಗಾಳಿ ಅಷ್ಟೇ, ಪೆಟ್ರೋಲು ಕಡಿಮೆ. ಮಿಶ್ರಣ ತೆಳುವಾಗಿ ಎಂಜಿನ್ನು ಬಿಸಿಯೇರುತ್ತದೆ. ರಕ್ಷಣೆಗೆಂದು ಹಾಕಿದ ಎಣ್ಣೆಯೇ ಬಿಸಿಗೆ ಕಾರಣವಾಗುತ್ತದೆ. ಕೈಪಿಡಿಯಲ್ಲಿ ಹೇಳಿದ ಪ್ರಮಾಣವನ್ನು ಅಳೆದು, ಬೇರೆ ಡಬ್ಬಿಯಲ್ಲಿ ಚೆನ್ನಾಗಿ ಕಲಕಿ, ಅನಂತರ ಟ್ಯಾಂಕಿಗೆ ಸುರಿಯುವುದೇ ಸರಿಯಾದ ಕ್ರಮ.

ಇಂದಿನ ಪೆಟ್ರೋಲು ಯೆಜ್ಡಿಯ ಕಾಲದ ಪೆಟ್ರೋಲಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಇಂಧನವೇ ಸಾಮಾನ್ಯವಾಗಿದೆ. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹೊಸ ವಾಹನಗಳಲ್ಲಿ ಗಣಕ ನಿಯಂತ್ರಣವು ಇದನ್ನು ತಾನಾಗಿ ಸರಿದೂಗಿಸಿಕೊಳ್ಳುತ್ತದೆ. ಕಾರ್ಬರೇಟರಿಗೆ ಆ ಬುದ್ಧಿಯಿಲ್ಲ. ಹಳೆಯ ಜೆಟ್ಟಿನಿಂದ ಹಳೆಯ ಪ್ರಮಾಣವೇ ಹರಿಯುವುದರಿಂದ ಮಿಶ್ರಣ ತೆಳುವಾಗುತ್ತದೆ. ಕಾರ್ಬರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಕ್ಕೆ ಹಾಕಿದರೆ ಸೂಜಿ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ. ಪ್ಲಗ್ಗಿನ ಬಣ್ಣ ನೋಡಿ ಈ ಬದಲಾವಣೆ ಮಾಡಿಕೊಳ್ಳಬಹುದು. ಇದಕ್ಕಿಂತ ಅಪಾಯಕರವಾದುದು ನೀರು. ಎಥನಾಲ್ ತೇವವನ್ನು ಹೀರುತ್ತದೆ. ನೀರು ಮಿತಿಮೀರಿದಾಗ ಎಥನಾಲೂ ನೀರೂ ಒಂದಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಎಂಜಿನ್ನಿಗೆ ಹೋಗುವುದು ತಳದ್ದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತಿದ್ದ ವಾಹನವನ್ನು ಹಳೆಯ ಪೆಟ್ರೋಲಿನಲ್ಲಿಯೇ ಎಬ್ಬಿಸಿ ಓಡಿಸಿದವರ ಎಂಜಿನ್ನು ಮೊದಲ ಕೆಲವು ಮೈಲಿಗಳಲ್ಲಿಯೇ ಜಾಮ್ ಆಗುವುದಕ್ಕೆ ಇದೂ ಒಂದು ಕಾರಣ. ಹಳೆಯ ರಬ್ಬರು ಕೊಳವೆಗಳನ್ನು ಮೃದುಗೊಳಿಸಿ ಬಿರುಕು ಬಿಡಿಸುವ ಗುಣವೂ ಎಥನಾಲಿಗುಂಟು. ಪೆಟ್ರೋಲು ಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ಕೈಯಿಂದ ಬಾಗಿಸಿ ಪರೀಕ್ಷಿಸಬೇಕು.

ಇನ್ನು ವಾಹನ ಹೊರಡುವುದಿಲ್ಲವೆಂಬ ದಿನನಿತ್ಯದ ದೂರು. ಎಂಜಿನ್ನಿಗೆ ಬೇಕಾದುದು ಮೂರು: ಇಂಧನ, ಕಿಡಿ, ಒತ್ತಡ. ಯಾವುದು ಇಲ್ಲವೆಂದು ತಿಳಿಯುವ ಮುನ್ನ ಯಾವ ತಿರುಪನ್ನೂ ತಿರುಗಿಸಬಾರದು. ಇಪ್ಪತ್ತು ಬಾರಿ ಕಿಕ್ ಮಾಡಿದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಪ್ಲಗ್ಗು ಒಣಗಿದ್ದರೆ ಇಂಧನ ಬರುತ್ತಿಲ್ಲ. ತೊಯ್ದಿದ್ದರೆ ಇಂಧನ ಬಂದಿದೆ. ಕಿಡಿ ಇಲ್ಲ, ಅಥವಾ ಪೆಟ್ರೋಲು ಅತಿಯಾಗಿದೆ.

ಒಣಗಿದ್ದಾಗ ಟ್ಯಾಂಕಿನಿಂದ ಕೆಳಕ್ಕೆ ಕ್ರಮವಾಗಿ ಬರಬೇಕು: ಕಾಕು ತೆರೆದಿದೆಯೇ, ಕೊಳವೆಯಲ್ಲಿ ಧಾರೆ ಬರುತ್ತದೆಯೇ, ಕಾರ್ಬರೇಟರಿನ ಬಟ್ಟಲು ತುಂಬುತ್ತದೆಯೇ, ಜೆಟ್ಟಿನ ರಂಧ್ರದಲ್ಲಿ ಬೆಳಕು ಕಾಣುತ್ತದೆಯೇ. ಜೆಟ್ಟನ್ನು ಉಕ್ಕಿನ ತಂತಿಯಿಂದ ಚುಚ್ಚುವುದು ಕೆಟ್ಟ ಅಭ್ಯಾಸ. ಅದು ಹಿತ್ತಾಳೆ, ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಅಳತೆ ಕೆಟ್ಟಿತು. ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದಿದರೆ ಸಾಕು. ಹಲವರನ್ನು ದಾರಿ ತಪ್ಪಿಸುವ ಒಂದು ಸಣ್ಣ ದೋಷವುಂಟು. ವಾಹನವು ಐದಾರು ಕಿಲೋಮೀಟರು ಸರಿಯಾಗಿ ಓಡಿ, ಬಳಲಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ಕಾಯಿಲ್ ಕೆಟ್ಟಿತೆಂದು ಹೊಸದನ್ನು ಕೊಂಡರೂ ಅದೇ ಕಥೆ. ಇಂತಹ ಸಂದರ್ಭದಲ್ಲಿ ವಾಹನ ನಿಂತ ಕ್ಷಣವೇ ಟ್ಯಾಂಕಿನ ಮುಚ್ಚಳವನ್ನು ತೆರೆಯಬೇಕು. ‘ಸುಯ್’ ಎಂದು ಗಾಳಿ ಒಳನುಗ್ಗಿದರೆ ಮುಚ್ಚಳದ ಗಾಳಿರಂಧ್ರ ಧೂಳಿನಿಂದ ಮುಚ್ಚಿದೆಯೆಂದೇ ಅರ್ಥ. ಒಳಗೆ ಗಾಳಿ ಬಾರದೆ ಪೆಟ್ರೋಲು ಕೆಳಗಿಳಿಯದು.

ಪ್ಲಗ್ಗು ತೊಯ್ದಿದ್ದರೆ ಕಾಕನ್ನು ಮುಚ್ಚಿ, ಪ್ಲಗ್ಗು ಬಿಚ್ಚಿಟ್ಟು, ಆಕ್ಸಿಲರೇಟರನ್ನು ಪೂರ್ತಿ ತೆರೆದು ಏಳೆಂಟು ಬಾರಿ ಕಿಕ್ ಮಾಡಿ ಒಳಗಿನ ಪೆಟ್ರೋಲನ್ನು ಹೊರಹಾಕಬೇಕು. ಈ ಹೊತ್ತಿನಲ್ಲಿ ಸ್ವಿಚ್ಚು ಹಾಕಿರಬಾರದು. ಕಿಡಿಯನ್ನು ಪರೀಕ್ಷಿಸುವಾಗ ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯಬೇಕು. ಆದರೆ ತೆರೆದ ರಂಧ್ರದಿಂದ ಸಾಕಷ್ಟು ದೂರ, ಏಕೆಂದರೆ ಅಲ್ಲಿಂದ ಪೆಟ್ರೋಲಿನ ಆವಿ ಚಿಮ್ಮುತ್ತಿರುತ್ತದೆ. ಕಿಡಿಯು ನೀಲಿಯಾಗಿ ಚಟಚಟನೆ ಹಾರಿದರೆ ಒಳ್ಳೆಯದು. ಕೆಂಪಗೆ ಬಡವಾಗಿದ್ದರೆ ಬ್ಯಾಟರಿ ಮತ್ತು ಅದರ ಅರ್ಥಿಂಗ್ ತಂತಿ, ಅನಂತರ ಪಾಯಿಂಟು ಎಂಬ ಕ್ರಮದಲ್ಲಿ ನೋಡಬೇಕು. ಪಾಯಿಂಟಿನ ಅಂತರ 0.4 ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಫೀಲರ್ ಗೇಜು ಅಗ್ಗದ ವಸ್ತು, ಅಂದಾಜಿನ ಮೇಲೆ ಇದನ್ನು ಮಾಡುವುದು ಬೇಡ. ಈ ಅಂತರ ಬದಲಾದರೆ ಕಿಡಿ ಹಾರುವ ಕಾಲವೂ ಬದಲಾಗುವುದರಿಂದ, ಮೊದಲು ಅಂತರ, ಆಮೇಲೆ ಟೈಮಿಂಗ್. ಪಾಯಿಂಟಿನ ತುದಿಗಳು ಮತ್ತೆ ಮತ್ತೆ ಸುಟ್ಟು ಕಪ್ಪಾಗುತ್ತಿದ್ದರೆ, ಅಲ್ಲಿಯೇ ದೊಡ್ಡ ಕಿಡಿ ಕಾಣುತ್ತಿದ್ದರೆ, ತಪ್ಪಿತಸ್ಥ ಕಂಡೆನ್ಸರು.

ಓಡುತ್ತಿರುವ ಯಂತ್ರದ ಆರೋಗ್ಯವನ್ನು ತಿಳಿಸುವ ಕನ್ನಡಿಯೂ ಈ ಪ್ಲಗ್ಗೇ. ಏಳೆಂಟು ಕಿಲೋಮೀಟರು ಒಂದೇ ವೇಗದಲ್ಲಿ ಓಡಿಸಿ, ಕ್ಲಚ್ಚು ಹಿಡಿದು, ಸ್ವಿಚ್ಚು ಆರಿಸಿ, ನಿಧಾನ ಓಟದ ಮಸಿ ಕೂರದಂತೆ ನಿಲ್ಲಿಸಿ ನೋಡಬೇಕು. ಎಂಜಿನ್ನು ತುಸು ಆರಿದ ಮೇಲೆ ಬಿಚ್ಚುವುದು ಲೇಸು. ಬಿಸಿ ಅಲ್ಯೂಮಿನಿಯಂ ಹೆಡ್ಡಿನ ಮರೆಗಳು ಬೇಗ ಕಿತ್ತುಬರುತ್ತವೆ. ಪಿಂಗಾಣಿಯ ತುದಿ ಕಾಫಿ ಬಣ್ಣಕ್ಕಿದ್ದರೆ ಎಲ್ಲವೂ ಸರಿ. ಮಸಿ ಹಿಡಿದು ಜಿಡ್ಡಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ, ಇಲ್ಲವೆ ಗಾಳಿಶೋಧಕ ಕಟ್ಟಿದೆ. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳುವಾಗಿದೆ, ಎಂಜಿನ್ನು ಸುಡುತ್ತಿದೆ. ಕಪ್ಪು ಪ್ಲಗ್ಗು ತೊಂದರೆ ಕೊಡುತ್ತದೆ ಅಷ್ಟೆ. ಬಿಳಿಯ ಪ್ಲಗ್ಗನ್ನು ಕಂಡವನು ಕಾರಣ ತಿಳಿಯುವವರೆಗೆ ವಾಹನವನ್ನು ರಸ್ತೆಗಿಳಿಸಬಾರದು.

ಈ ಬಿಳಿ ಬಣ್ಣದ ಹಿಂದೆ ಅನೇಕ ವೇಳೆ ಇರುವುದು, ಹೊರಗಿನಿಂದ ಕಾಣಿಸದ ಒಂದು ರಬ್ಬರು ಉಂಗುರ. ಕ್ರ್ಯಾಂಕ್ ದಂಡದ ಎರಡು ತುದಿಗಳಲ್ಲಿ ಕ್ರ್ಯಾಂಕ್‌ಕೇಸನ್ನು ಮುಚ್ಚಿ ಹಿಡಿದಿರುವ ಆಯಿಲ್ ಸೀಲುಗಳು ಟೂ ಸ್ಟ್ರೋಕ್ ಯಂತ್ರದ ಮರ್ಮಸ್ಥಾನ. ರಬ್ಬರು ಓಟದಿಂದ ಸವೆಯುವಂತೆ, ಸುಮ್ಮನೆ ನಿಂತರೂ ಗಟ್ಟಿಯಾಗಿ ಒಣಗುತ್ತದೆ. ಹತ್ತು ವರ್ಷ ಕೊಟ್ಟಿಗೆಯಲ್ಲಿದ್ದ ವಾಹನದ ಸೀಲು ಹೊಸದರಂತಿರುತ್ತದೆಂದು ನಂಬಬಾರದು. ಬಲಗಡೆ ಡೈನಮೋ ಪಕ್ಕದ ಸೀಲು ಸೋತರೆ ಹೊರಗಿನ ಗಾಳಿ ಕಾರ್ಬರೇಟರನ್ನು ತಪ್ಪಿಸಿ ನೇರವಾಗಿ ಒಳನುಗ್ಗುತ್ತದೆ. ಆಗ ಆಕ್ಸಿಲರೇಟರನ್ನು ಬಿಟ್ಟರೂ ಎಂಜಿನ್ನಿನ ವೇಗ ಇಳಿಯದೆ ಕೆಲವು ಕ್ಷಣ ಮೇಲೆಯೇ ನಿಲ್ಲುತ್ತದೆ. ನಿಧಾನ ಓಟದ ತಿರುಪು ಮಾತು ಕೇಳುವುದಿಲ್ಲ. ಮುಂಜಾನೆ ಚೋಕು ಬಹಳ ಹೊತ್ತು ಬೇಕಾಗುತ್ತದೆ. ಎಡಗಡೆ ಕ್ಲಚ್ಚಿನ ಪಕ್ಕದ ಸೀಲು ಸೋತರೆ ಲಕ್ಷಣವೇ ಬೇರೆ. ಆ ಕಡೆ ಗೇರು ಎಣ್ಣೆ ಇರುವುದರಿಂದ ಎಂಜಿನ್ನು ಅದನ್ನು ಹೀರುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಬೀಳದೆ ಗೇರು ಎಣ್ಣೆಯ ಮಟ್ಟ ಇಳಿಯುತ್ತದೆ, ಹಿಂದೆ ಬೆಳ್ಳನೆಯ ದಟ್ಟ ಹೊಗೆ. ಕೆಲವೊಮ್ಮೆ ಇದು ತಿರುವುಮುರುವಾಗಿ, ಪೆಟ್ರೋಲು ಮಿಶ್ರಣವೇ ಆ ಕಡೆಗೆ ತಳ್ಳಲ್ಪಟ್ಟು ಗೇರು ಎಣ್ಣೆ ನೀರಾಗುತ್ತದೆ. ಎಣ್ಣೆ ಅಳೆಯುವಾಗ ಒಮ್ಮೆ ಮೂಸಿ ನೋಡಿದರೆ ಪೆಟ್ರೋಲಿನ ವಾಸನೆ ಸುಳ್ಳು ಹೇಳುವುದಿಲ್ಲ. ಇಂತಹ ಹೊಗೆಯನ್ನು ಕಂಡೊಡನೆ ‘ಪಿಸ್ಟನ್ ರಿಂಗು ಹೋಯಿತು’ ಎಂದು ತೀರ್ಪು ಕೊಡುವುದು ಫೋರ್ ಸ್ಟ್ರೋಕ್ ವಾಹನಗಳಿಂದ ಕಲಿತ ಪಾಠ. ಅದು ಇಲ್ಲಿ ಸಲ್ಲದು.

ಆದರೆ ಸೀಲಿನ ಮೇಲೆ ತಪ್ಪು ಹೊರಿಸುವ ಮುನ್ನ ಸುಲಭವಾದ ಸ್ಥಳಗಳನ್ನು ಪರೀಕ್ಷಿಸುವುದು ನ್ಯಾಯ. ಕಾರ್ಬರೇಟರು ಸಿಲಿಂಡರಿಗೆ ಕೂಡುವ ಜಾಗದಲ್ಲಿ ನಟ್ಟು ಸಡಿಲಾಗಿರಬಹುದು, ಗ್ಯಾಸ್ಕೆಟ್ಟು ಹರಿದಿರಬಹುದು. ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗ ಆ ಕೂಡುಜಾಗಕ್ಕೆ ಕುಂಚದಿಂದ ಸ್ವಲ್ಪ ಎಂಜಿನ್ ಎಣ್ಣೆ ಹಚ್ಚಿದರೆ, ಸೋರಿಕೆ ಇದ್ದಲ್ಲಿ ಎಣ್ಣೆ ಒಳಕ್ಕೆ ಸೆಳೆಯಲ್ಪಟ್ಟು ಎಂಜಿನ್ನಿನ ಸದ್ದು ಬದಲಾಗುತ್ತದೆ. ಇದೇ ಪರೀಕ್ಷೆಗೆ ಪೆಟ್ರೋಲು ಚಿಮುಕಿಸುವವರುಂಟು. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಯೊಡನೆ ಸರಸ. ಸಿಲಿಂಡರಿನ ಬುಡಕ್ಕೆ ಸಾಬೂನು ನೀರು ಹಚ್ಚಿದರೆ ಗುಳ್ಳೆಗಳು ಎದ್ದು ಸೋರಿಕೆಯನ್ನು ತೋರಿಸುತ್ತವೆ. ಇವೆಲ್ಲ ಸರಿಯಿದ್ದು ಲಕ್ಷಣ ಉಳಿದರೆ ಮಾತ್ರ ಸೀಲು. ಆ ಕೆಲಸಕ್ಕೆ ಸರಿಯಾದ ಪುಲ್ಲರ್ ಬೇಕು. ಯೆಜ್ಡಿಯ ಕ್ರ್ಯಾಂಕ್ ದಂಡವು ಹಲವು ತುಂಡುಗಳನ್ನು ಒತ್ತಿ ಕೂಡಿಸಿದ್ದು. ಅದರ ತುದಿಗೆ ಬಿದ್ದ ಸುತ್ತಿಗೆಯ ಒಂದು ಏಟು ಸಾಕು, ದಂಡದ ನೇರ ತಪ್ಪಿ ಹೊಸ ಬೇರಿಂಗುಗಳನ್ನು ತಿಂದುಹಾಕುತ್ತದೆ. ಮನೆಯ ಅಂಗಳದ ಎಲ್ಲೆ ಮುಗಿಯುವುದು ಇಲ್ಲಿ. ಕ್ರ್ಯಾಂಕ್‌ಕೇಸನ್ನು ಎರಡಾಗಿ ಬಿಡಿಸುವುದನ್ನೂ ಬೋರ್ ಮಾಡುವುದನ್ನೂ ಅನುಭವಿ ಯಂತ್ರಶಾಲೆಗೆ ಒಪ್ಪಿಸುವುದೇ ವಿವೇಕ.

ತೆಳುವಾದ ಮಿಶ್ರಣವನ್ನು ಕಡೆಗಣಿಸಿದರೆ ಆಗುವುದು ಹಣದ ನಷ್ಟ ಮಾತ್ರವಲ್ಲ. ಪಿಸ್ಟನ್ನು ಬಿಸಿಯಿಂದ ಹಿಗ್ಗಿ ಸಿಲಿಂಡರನ್ನು ಕಚ್ಚಿದಾಗ ಹಿಂದಿನ ಚಕ್ರ ಓಡುತ್ತಿರುವಂತೆಯೇ ಬಿಗಿದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ. ಆದರೆ ಯಂತ್ರವು ಬಹುಶಃ ಮುನ್ಸೂಚನೆ ಕೊಡದೆ ಹೀಗೆ ಮಾಡುವುದಿಲ್ಲ: ಶಕ್ತಿ ಮೆಲ್ಲನೆ ಇಳಿಯುತ್ತದೆ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ತೋರುತ್ತದೆ, ಸದ್ದಿನಲ್ಲಿ ಒಂದು ಒಣ ಕರಕರ ಸೇರುತ್ತದೆ. ಆ ಕ್ಷಣದಲ್ಲಿ ಕ್ಲಚ್ಚನ್ನು ಹಿಡಿದು ಪಕ್ಕಕ್ಕೆ ಸರಿಯಬೇಕು. ದೂರದ ಓಟದಲ್ಲಿ ಎಡಗೈಯ ಎರಡು ಬೆರಳುಗಳನ್ನು ಸದಾ ಕ್ಲಚ್ ಸನ್ನೆಯ ಮೇಲಿಟ್ಟುಕೊಳ್ಳುವ ಹಳೆಯ ಸವಾರರ ರೂಢಿ ಸುಮ್ಮನೆ ಬಂದದ್ದಲ್ಲ.

ಘಟ್ಟ ಇಳಿಯುವವರು ಇನ್ನೊಂದು ಮಾತನ್ನು ಅರಿತಿರಬೇಕು. ಆಗುಂಬೆ ಅಥವಾ ಚಾರ್ಮಾಡಿಯ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ, ಎಂಜಿನ್ನಿನ ಹಿಡಿತದಲ್ಲಿಯೇ ಇಳಿಯುವುದು ಫೋರ್ ಸ್ಟ್ರೋಕ್ ವಾಹನಕ್ಕೆ ಒಳ್ಳೆಯ ಪದ್ಧತಿ. ಯೆಜ್ಡಿಯಲ್ಲಿ ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಂತೆ. ಪಿಸ್ಟನ್ನು ಮಾತ್ರ ವೇಗವಾಗಿ ಓಡುತ್ತಲೇ ಇರುತ್ತದೆ. ಹಾಗೆಂದು ನ್ಯೂಟ್ರಲ್ ಮಾಡಿ ಜಾರಬಿಡುವುದು ಇನ್ನೂ ದೊಡ್ಡ ಅವಿವೇಕ. ಗೇರಿನಲ್ಲಿಯೇ ಇದ್ದು, ಆಗಾಗ ಕ್ಲಚ್ಚು ಹಿಡಿದು ಆಕ್ಸಿಲರೇಟರನ್ನು ಒಮ್ಮೆ ತಿರುಗಿಸಿ ಎಂಜಿನ್ನಿಗೆ ಎಣ್ಣೆಯ ಗುಟುಕು ಕೊಡುತ್ತ ಇಳಿಯಬೇಕು.

ಸೈಲೆನ್ಸರುಗಳಲ್ಲಿ ಮಸಿ ಕಟ್ಟುವುದು ಈ ಯಂತ್ರದ ಜಾಯಮಾನ. ಮೇಲಿನ ವೇಗ ಬಾರದೆ ಮಂಕಾದಾಗ ಒಳಗಿನ ಕೊಳವೆಗಳನ್ನು ಹೊರತೆಗೆದು ಕೆರೆದು ಶುಚಿಗೊಳಿಸಬೇಕು. ಕಾಸ್ಟಿಕ್ ಸೋಡಾದಲ್ಲಿ ನೆನೆಸುವವರು ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಅದನ್ನು ಮುಟ್ಟಬಾರದು. ಅದರಲ್ಲಿ ಅಲ್ಯೂಮಿನಿಯಂ ಭಾಗ ಯಾವುದನ್ನೂ ಹಾಕಬಾರದು, ಏಕೆಂದರೆ ಅದು ಕರಗುತ್ತದೆ. ಮಾಲಿನ್ಯ ಪರೀಕ್ಷೆಗೆ ಹೋಗುವ ಮುನ್ನ ಈ ಕೆಲಸ ಮುಗಿದಿದ್ದರೆ ಒಳ್ಳೆಯದು. ಹದಿನೈದು ವರ್ಷ ಮೀರಿದ ವಾಹನದ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ ಸಾರಿಗೆ ಕಚೇರಿಯ ಪರೀಕ್ಷೆಯೂ ಇದ್ದೇ ಇದೆ.

ಕ್ಲಚ್ಚಿನ ಕೇಬಲ್ಲಿನಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಗೇರು ಸನ್ನೆಯನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡುವ ಯೆಜ್ಡಿಯ ಏರ್ಪಾಡು ಆ ಸಡಿಲವಿಲ್ಲದಿದ್ದರೆ ಜಾರತೊಡಗುತ್ತದೆ. ಹಿಂದಿನ ಚೈನು ಮುಚ್ಚಿದ ಪೆಟ್ಟಿಗೆಯೊಳಗೆ ಇರುವುದರಿಂದ ಧೂಳಿನಿಂದ ಪಾರಾಗಿ ಬಹುಕಾಲ ಬಾಳುತ್ತದೆ. ಕಣ್ಣಿಗೆ ಕಾಣದ್ದರಿಂದ ಮರೆತೂ ಹೋಗುತ್ತದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಹಳೆಯ ಯೆಜ್ಡಿಯ ಡ್ರಮ್ ಬ್ರೇಕು ಇಂದಿನ ಡಿಸ್ಕ್ ಬ್ರೇಕಿನಷ್ಟು ಬಲವುಳ್ಳದ್ದಲ್ಲ. ಅದನ್ನು ಒಪ್ಪಿಕೊಂಡೇ ಸವಾರಿ ಮಾಡಬೇಕು. ಲೈನರು ಸವೆದಂತೆಲ್ಲ ತಿರುಪನ್ನು ಬಿಗಿ ಮಾಡುತ್ತ ಹೋಗುವುದು ಸಾಮಾನ್ಯ ರೂಢಿ. ಬ್ರೇಕು ಒತ್ತಿದಾಗ ಡ್ರಮ್ಮಿನ ಬಳಿಯ ಚಿಕ್ಕ ಸನ್ನೆ ಸರಳಿಗೆ ಲಂಬಕೋನದಲ್ಲಿ ಬಂದರೆ ಹಿಡಿತ ಹೆಚ್ಚು. ಅದನ್ನು ದಾಟಿ ಮುಂದೆ ವಾಲಿದರೆ ಎಷ್ಟು ಬಿಗಿ ಮಾಡಿದರೂ ಬಲ ಕುಂದುತ್ತದೆ. ಅಲ್ಲಿಗೆ ಲೈನರಿನ ಆಯುಸ್ಸು ಮುಗಿಯಿತು. ಗ್ರೀಸು ತಾಗಿದ ಲೈನರನ್ನು ಪೆಟ್ರೋಲಿನಿಂದ ತೊಳೆದು ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ. ಬಿಸಿಯೇರಿದಾಗ ಒಳಗೆ ಇಂಗಿದ ಜಿಡ್ಡು ಮೇಲಕ್ಕೆ ಬರುತ್ತದೆ. ಡ್ರಮ್ಮನ್ನು ತೆರೆದೊಡನೆ ಬಾಯಿಂದ ಊದಿ ಧೂಳು ಹಾರಿಸುವ ಅಭ್ಯಾಸವನ್ನು ತಪ್ಪದೆ ಬಿಡಬೇಕು. ಹಳೆಯ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶವನ್ನು ಸೇರಿದರೆ ದಶಕಗಳ ಅನಂತರವೂ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಮಕ್ಕಳನ್ನು ಅಂತಹ ಹೊತ್ತಿನಲ್ಲಿ ಹತ್ತಿರ ಬಿಟ್ಟುಕೊಳ್ಳಬಾರದು.

ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬುದು 2022ರಲ್ಲಿಯೂ ಹೊಸ ವಾಹನಗಳ ಮೇಲೆ ಮರಳಿ ಬಂದಿವೆ. ಅವು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್ನುಗಳು, ಕಾರ್ಬರೇಟರಿಲ್ಲ, ಪಾಯಿಂಟಿಲ್ಲ. ಹಳೆಯದರ ಯಾವ ಭಾಗವೂ ಅವುಗಳಿಂದ ದೊರೆಯುವುದಿಲ್ಲ, ಮೇಲೆ ಹೇಳಿದ ಎಂಜಿನ್ನಿನ ಆರೈಕೆಯೂ ಅವುಗಳಿಗೆ ಅನ್ವಯಿಸುವುದಿಲ್ಲ.

ಮಳೆಗಾಲದ ತಿಂಗಳುಗಳಲ್ಲಿ ವಾಹನವನ್ನು ಓಡಿಸದೆ ನಿಲ್ಲಿಸುವವರು ಟ್ಯಾಂಕನ್ನೂ ಕಾರ್ಬರೇಟರಿನ ಬಟ್ಟಲನ್ನೂ ಪೂರ್ತಿ ಬರಿದು ಮಾಡಿ, ತುಕ್ಕು ಹಿಡಿಯದಂತೆ ಟ್ಯಾಂಕಿನೊಳಗೆ ಸ್ವಲ್ಪ ಎಣ್ಣೆ ಹಾಕಿ ಆಡಿಸಬೇಕು. ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚ ಟೂ-ಟಿ ಎಣ್ಣೆ ಬಿಟ್ಟು, ಸ್ವಿಚ್ಚು ಹಾಕದೆ ನಾಲ್ಕಾರು ಬಾರಿ ಕಿಕ್ ಮಾಡಿ ಪ್ಲಗ್ಗನ್ನು ಕೂರಿಸಬೇಕು. ಬ್ಯಾಟರಿಯನ್ನು ಕಳಚಿ ತಿಂಗಳಿಗೊಮ್ಮೆ ಚಾರ್ಜು ಮಾಡಬೇಕು. ಸೈಲೆನ್ಸರುಗಳ ತುದಿಗೆ ಬಟ್ಟೆ ತುರುಕಿದ್ದರೆ, ಮತ್ತೆ ಹೊರಡಿಸುವ ದಿನ ಮೊದಲು ಅದನ್ನು ತೆಗೆಯಬೇಕು. ಅನಂತರ ಹೊಸ ಪೆಟ್ರೋಲು, ಅಳೆದ ಎಣ್ಣೆ, ಮೊದಲ ಕಿಕ್.